ಅಷ್ಟೂರಿನಲ್ಲಿ ಸುಮ್ನೆ ಕೂರೋಕೆ ಜಾಗ ಉಳಿಸಿಕೊಡಿ

ಬೀದರ್ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರಿಗೆ ಮತ್ತು ನನ್ನ ಊರಿನ ಎಲ್ಲರಿಗೆ,

ನಮಸ್ಕಾರ.

ಹೋದ ಭಾನುವಾರ ಸಂಜೆ ಬೀದರ್ ಊರ ಹೊರಗೆ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳ ಹತ್ತಿರ ಕೂತಿದ್ದೆ. ಬಿಸಿಲು ಇಳಿದಿತ್ತು. ನನ್ನಿಂದ ಸ್ವಲ್ಪ ದೂರ, ಮರದ ಕೆಳಗೆ ಒಬ್ಬ ಅಜ್ಜಿ ಮೊಮ್ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮಗುವಿಗೆ ನಿದ್ದೆ ಹತ್ತಿತ್ತು. ಅಜ್ಜಿ ಏನೂ ಮಾಡುತ್ತಿರಲಿಲ್ಲ. ಮಗುವಿನ ತಲೆ ಮೇಲೆ ಕೈ ಇಟ್ಟುಕೊಂಡು ತೊಗರಿ ಹೊಲದ ಕಡೆ ನೋಡುತ್ತಿದ್ದರು, ಅಷ್ಟೇ.

ಆಗ ರಸ್ತೆ ಬದಿಗೆ ಒಂದು ಕಾರು ಬಂದು ನಿಂತಿತು. ಹಿಂದಿನ ಬಾಗಿಲು ಎತ್ತಿದರು. ಡಿಕ್ಕಿ ತುಂಬ ಸ್ಪೀಕರ್ ಬಾಕ್ಸು. ಹಾಡು ಶುರುವಾದ ಕೂಡಲೇ ಸಿಡಿಲಿಗೆ ಸೀಳಿದ ಗುಮ್ಮಟದೊಳಗಿಂದ ಗಿಳಿಗಳೆಲ್ಲ ಒಂದೇ ಸಲ ಹಾರಿದವು. ಮಗು ಬೆಚ್ಚಿ ಎದ್ದು ಅಳತೊಡಗಿತು. ಅಜ್ಜಿ ಯಾರಿಗೂ ಏನೂ ಅನ್ನಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಸೀರೆಗೆ ಹತ್ತಿದ ಮಣ್ಣು ಕೊಡವಿ, ಆಟೋ ಹುಡುಕುತ್ತಾ ನಡೆದುಬಿಟ್ಟರು. ಬಂದು ಕಾಲು ಗಂಟೆಯೂ ಆಗಿರಲಿಲ್ಲ.

ಆ ಹುಡುಗರು ಕೆಟ್ಟವರಲ್ಲ. ಕುಣಿದರು, ವಿಡಿಯೋ ಮಾಡಿಕೊಂಡರು, ಅರ್ಧ ಗಂಟೆಗೆ ಹೋದರು. ಒಬ್ಬ ಹುಡುಗ ನನ್ನ ಹತ್ತಿರ ಬಂದು "ತಗೋರಿ ಅಕ್ಕಾ" ಅಂತ ಚಿಪ್ಸ್ ಪೊಟ್ಟಣ ಚಾಚಿದ. ಆದರೆ ಆ ಅಜ್ಜಿ ಮತ್ತೆ ಯಾವಾಗ ಬರುತ್ತಾರೋ. ಅವರು ಎದ್ದು ಹೋದದ್ದು ಇನ್ನೂ ಕಣ್ಣ ಮುಂದೆ ಇದೆ. ಅದಕ್ಕೇ ಈ ಪತ್ರ.

ನಾನು ಯಾರು ಅಂತ ಮೊದಲು ಹೇಳಬೇಕು. ಬೀದರಿನ ಹಳೇ ಊರಿನಲ್ಲೇ ಬೆಳೆದವಳು. ಡಿಗ್ರಿ ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಜನರ ಹಾಗೆ ನಾನೂ ಹೈದರಾಬಾದಿಗೆ ಹೋದೆ. ನಮಗೆ ಬೆಂಗಳೂರು ಒಂದು ರಾತ್ರಿಯ ದಾರಿ. ಹೈದರಾಬಾದ್ 140 ಕಿ.ಮೀ. ಆಸುಪಾಸು, ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿ. ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಗಾಜಿನ ಈಚೆ ನಾನು, ಆಚೆ ಜನ. ಟೋಕನ್ ನಂಬರ್ ಬದಲಾದಾಗಲೆಲ್ಲ ಟಿಂಗ್ ಅಂತ ಸದ್ದು. ಆಚೆ ನಿಂತವರು ಅಳುತ್ತಾರೆ, ಕೂಗಾಡುತ್ತಾರೆ. ಅವರದೇನು ತಪ್ಪು? ಮನೆಯವರು ಒಳಗೆ ಮಲಗಿದ್ದಾರೆ, ಕೈಯಲ್ಲಿ ದುಡ್ಡಿಲ್ಲ. ಅವರಿಗೆ ಮೊತ್ತ ಹೇಳೋ ಕೆಲಸ ನನ್ನದು.

ರೂಮು ದೊಡ್ಡ ರಸ್ತೆ ಮೇಲೆ ಇತ್ತು. ರಾತ್ರಿಯೆಲ್ಲ ಲಾರಿ. ನಿದ್ದೆ ಮಾಡುವಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚೋದಿಲ್ಲ. ನಮಗೆ ಎಚ್ಚರ ಆಗದಿದ್ದರೂ ಪ್ರತಿ ಹಾರ್ನಿಗೆ ಎದೆ ಬಡಿತ ಒಂದಿಷ್ಟು ಏರುತ್ತದೆ, ಬಿ.ಪಿ. ಏರುತ್ತದೆ. ಇದನ್ನು ನನಗೆ ಹೇಳಿದ್ದು ನನ್ನ ಡಾಕ್ಟರು. ಆಗ ನನಗೆ ಮೂವತ್ತನಾಲ್ಕು ವರ್ಷ. ಬಿ.ಪಿ. ಮಾತ್ರೆ ಶುರುವಾಗಿತ್ತು. ಕನಸಿನಲ್ಲೂ ಟಿಂಗ್ ಅನ್ನೋದು. ಬಸ್ಸಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಕೈ ನಡುಗೋದು. "ಎಲ್ಲಾದರೂ ಶಾಂತ ಜಾಗಕ್ಕೆ ಹೋಗಿ ನಾಲ್ಕು ದಿನ ಇದ್ದು ಬನ್ನಿ" ಅಂದರು ಡಾಕ್ಟರು. ಜೊತೆಯಲ್ಲಿ ಕೆಲಸ ಮಾಡೋರು ಊರ ಹೊರಗಿನ ರೆಸಾರ್ಟಿಗೆ ಕರೆದುಕೊಂಡು ಹೋದರು. ಒಂದು ರಾತ್ರಿಗೆ ನನ್ನ ಒಂದು ವಾರದ ಸಂಬಳ ಹೋಯಿತು. ಅಲ್ಲೂ ಈಜುಕೊಳದ ಪಕ್ಕ ಮಧ್ಯರಾತ್ರಿವರೆಗೆ ಹಾಡು.

ನಿದ್ದೆ ವಾಪಸ್ ಬಂದದ್ದು ಎಳ್ಳಮಾಸಿ ದಿನ. ಹೊರಗಿನವರಿಗೆ ಹೇಳೋದಾದರೆ ಎಳ್ಳಮಾವಾಸ್ಯೆ. ಆ ದಿನ ನಮ್ಮ ಬೀದರ್ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಅಂಗಡಿ ಮುಚ್ಚಿರುತ್ತವೆ, ರಸ್ತೆ ಖಾಲಿ. ಯಾರೂ ಬಂದ್ ಕರೆ ಕೊಟ್ಟಿರೋದಿಲ್ಲ. ಎಲ್ಲರೂ ಹೊಲದಲ್ಲಿರುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಜಾತಿ ಕೇಳಿ ಕರೆಯೋದಿಲ್ಲ.

ಆ ವರ್ಷ ಅವ್ವ ಹಟ ಮಾಡಿ ಕರೆಸಿಕೊಂಡಳು. ಭಾಲ್ಕಿ ಕಡೆ ನಮ್ಮ ಸೋದರಮಾವನ ಹೊಲ. ಜೋಳದ ದಂಟಿನ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜೆ ಮಾಡಿದರು. ಮಾವ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯ, ಚೆಲ್ಲಿ ಬಂದ. ಆಮೇಲೆ ಊಟ. ಭಜ್ಜಿ ಅಂದರೆ ಬೇರೆ ಕಡೆಯವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮದು ಬೇರೆ. ಆ ಋತುವಿನಲ್ಲಿ ಹೊಲದಲ್ಲಿ ಏನೇನು ಸಿಗುತ್ತದೋ ಅದೆಲ್ಲ ಅದರೊಳಗೆ ಬೀಳುತ್ತದೆ. ಹಸಿ ತೊಗರಿ ಕಾಳು, ಅವರೆ, ಹಸಿ ಕಡಲೆ, ಶೇಂಗಾ, ಗಜ್ಜರಿ, ಮೆಂತ್ಯೆ ಸೊಪ್ಪು, ಕಡಲೆ ಹಿಟ್ಟು, ಹುಳಿ. ದೊಡ್ಡ ಪಾತ್ರೆಯಲ್ಲಿ ಕುದಿಸಿ, ಸಜ್ಜೆ ರೊಟ್ಟಿ ಜೊತೆ. ಮೇಲೆ ಒಂದು ಲೋಟ ಅಂಬಲಿ. ಉಂಡು ಮರದ ಕೆಳಗೆ ಒಂದು ಚಾದರ ಹಾಸಿ ತಲೆ ಇಟ್ಟೆ. ಎದ್ದಾಗ ಹೊತ್ತು ಮುಳುಗಿತ್ತು. ಯಾರೂ ಎಬ್ಬಿಸಿರಲಿಲ್ಲ. ಅವ್ವ ಪಕ್ಕದಲ್ಲಿ ಕೂತು ನನ್ನ ಮೇಲೆ ಕೂತ ನೊಣ ಓಡಿಸುತ್ತಿದ್ದಳು. ಆರು ವರ್ಷದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ ನಾನು.

ಮುಂದಿನ ವರ್ಷ ಕೆಲಸ ಬಿಟ್ಟು ಬೀದರಿಗೇ ಬಂದೆ. ಈಗ ಇಲ್ಲೇ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಸಂಬಳ ಅರ್ಧ. ಬಿ.ಪಿ. ಮಾತ್ರೆಯೂ ಅರ್ಧ.

ಆದರೆ ಹೊಲಕ್ಕೆ ದಿನಾ ಹೋಗೋಕೆ ಆಗುತ್ತಾ? ನಮ್ಮ ಬೀದರ್ ಕೂಡ ಈಗ ಚಿಕ್ಕ ಊರಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ಆರು ಗಂಟೆಗೆ ನಿಂತು ನೋಡಿ. ಮದುವೆ ಸೀಸನ್ನಿನಲ್ಲಿ ಡಿಜೆ. ಕರೆಂಟ್ ಹೋದರೆ ಸಾಲಾಗಿ ಜನರೇಟರ್. ಹಳೇ ಊರಿನ ನಮ್ಮ ಮನೆಯಲ್ಲಿ ಎರಡು ಕೋಣೆ, ಐದು ಜನ, ಒಂದು ಟಿ.ವಿ. ಇಂಥ ಮನೆಗಳೇ ಇಲ್ಲಿ ಜಾಸ್ತಿ. ಗಂಡಸರಿಗೆ ಚಹಾದಂಗಡಿ ಇದೆ, ಕಟ್ಟೆ ಇದೆ. ಹೆಂಗಸರು ಎಲ್ಲಿ ಹೋಗಿ ಕೂರಬೇಕು? ಮಾಳಿಗೆ ಮೇಲೆ ಹೋದರೂ "ಅಲ್ಲೇನು ಮಾಡ್ತಿ?" ಅಂತ ಕೇಳುತ್ತಾರೆ. ಬೇರೆ ಬೇರೆ ಜಿಲ್ಲೆಗಳಿಂದ ಮೆಡಿಕಲ್ ಸೀಟಿನ ಆಸೆಗೆ ನಮ್ಮೂರಿಗೆ ಓದೋಕೆ ಬರೋ ಮಕ್ಕಳಿದ್ದಾರೆ. ಹಾಸ್ಟೆಲ್, ಕ್ಲಾಸು, ಟೆಸ್ಟು, ಮತ್ತೆ ಹಾಸ್ಟೆಲ್. ಆ ಮಕ್ಕಳ ಮುಖ ನೋಡಿದರೆ ನನಗೆ ಕೌಂಟರಿನ ಹಿಂದೆ ಕೂತಿದ್ದ ನನ್ನದೇ ಮುಖ ನೆನಪಾಗುತ್ತದೆ. ದಿನವಿಡೀ ಹಾರ್ನ್ ಕೇಳೋ ಆಟೋದವರು, ರಾತ್ರಿ ಪಾಳಿ ಮಾಡೋ ನರ್ಸಮ್ಮಂದಿರು, ಇವರೆಲ್ಲ ದಣಿವಾದಾಗ ಎಲ್ಲಿ ಹೋಗಬೇಕು? ದುಡ್ಡಿದ್ದವರು ಎಲ್ಲಿಗಾದರೂ ಹೋಗುತ್ತಾರೆ. ಅವರ ಮಾತು ಬಿಡಿ.

ನಾನು ಹೋಗೋದು ಅಷ್ಟೂರಿಗೆ. ಊರಿಂದ ಮೂರು ನಾಲ್ಕು ಕಿ.ಮೀ., ಅಷ್ಟೇ. ಮನೆ ದಾಟಿ, ಕೆಂಪು ಮಣ್ಣಿನ ದಿಬ್ಬ ಇಳಿದರೆ ಗಾಳಿಯೇ ಬೇರೆ. ದಾರಿಯಲ್ಲಿ ಮೊದಲು ಚೌಖಂಡಿ ಸಿಗುತ್ತದೆ. ಇರಾನಿನ ಸೂಫಿ ಸಂತ ಶಾ ನಿಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿ ಅದು. ಎಂಟು ಮೂಲೆಯ ಕಟ್ಟಡ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಕರಿಕಲ್ಲಿನ ಮೇಲೆ ಅಕ್ಷರಗಳನ್ನು ಬಳ್ಳಿಯ ಹಾಗೆ ಕೆತ್ತಿದ್ದಾರೆ. ನನಗೆ ಆ ಲಿಪಿ ಓದೋಕೆ ಬರೋದಿಲ್ಲ. ಆದರೂ ಅದರ ಮೇಲೆ ಬೆರಳು ಇಡದೆ, ಬರೀ ಕಣ್ಣಿನಿಂದ ಒಂದು ಅಕ್ಷರ ಹಿಡಿದು ಅದು ಎಲ್ಲಿ ಮುಗಿಯುತ್ತದೆ ಅಂತ ನೋಡುತ್ತಾ ಹೋದರೆ ತಲೆಯೊಳಗಿನ ಲೆಕ್ಕವೆಲ್ಲ ನಿಂತುಹೋಗುತ್ತದೆ. ಒಮ್ಮೆ ಮಾಡಿ ನೋಡಿ.

ಅಲ್ಲಿಂದ ಮುಂದೆ ಬಹಮನಿ ಸುಲ್ತಾನರ ಗುಮ್ಮಟಗಳು. ಎಲ್ಲಕ್ಕಿಂತ ದೊಡ್ಡ ಹೆಸರು ಅಹಮದ್ ಶಾ ವಲಿಯದು. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದವನು ಅವನೇ. 1436ರಲ್ಲಿ ತೀರಿಕೊಂಡ. ಹೊರಗಿನಿಂದ ಅವನ ಗೋರಿ ಸಾದಾ ಕಾಣುತ್ತದೆ. ಒಳಗೆ ಕಾಲಿಟ್ಟರೆ ಕತ್ತಲು. ಮೊದಲ ಸಲ ಹೋದಾಗ ನನಗೆ ಏನೂ ಕಾಣಲಿಲ್ಲ. ಆಗ ಅಲ್ಲಿ ನೋಡಿಕೊಳ್ಳೋ ಚಾಚಾ ಒಂದು ಕನ್ನಡಿ ಹಿಡಿದು ಬಾಗಿಲ ಹತ್ತಿರ ಹೋಗಿ ನಿಂತರು. ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಎಸೆದರು. "ಮ್ಯಾಲ ನೋಡ್ರಿ ಅಕ್ಕಾ" ಅಂದರು.

ಮೇಲೆ ಬಣ್ಣ ಬಂತು. ಕುಂಕುಮದಂಥ ಕೆಂಪು, ಕಡುನೀಲಿ, ಅದರ ಮೇಲೆ ಬಂಗಾರದ ಅಕ್ಷರ. ಚಾಚಾ ಮಾತಾಡಲಿಲ್ಲ. ಕನ್ನಡಿಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು. ಬೆಳಕಿನ ತುಂಡು ಗೋಡೆಯ ಮೇಲೆ ನಡೆದು, ಮೂಲೆ ಹತ್ತಿ, ಗುಮ್ಮಟದ ನೆತ್ತಿ ಮುಟ್ಟಿತು. ಬೆಳಕು ಹೋದಲ್ಲಿ ಮಾತ್ರ ಬಣ್ಣ, ಉಳಿದೆಡೆ ಕತ್ತಲು. ಎಲ್ಲವನ್ನೂ ಒಂದೇ ಸಲ ನೋಡೋಕೆ ಆಗೋದಿಲ್ಲ. ಬೆಳಕಿನ ಹಿಂದೆ ಕಣ್ಣು ನಿಧಾನ ಹೋಗಬೇಕು. ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದಾಗ ನನ್ನ ಭುಜ ಇಳಿದಿದ್ದು ನನಗೇ ಗೊತ್ತಾಯಿತು. ಅಷ್ಟು ದಿನ ಭುಜ ಎತ್ತಿಕೊಂಡೇ ಓಡಾಡುತ್ತಿದ್ದೆ ಅಂತಲೂ ಆಗಲೇ ಗೊತ್ತಾಯಿತು.

ಚಾಚಾ ಹೇಳಿದ ಒಂದು ಮಾತು ಇಲ್ಲಿ ಬರೆಯಬೇಕು. "ಗದ್ದಲ ಇದ್ರ ಕನ್ನಡಿ ಹಿಡಿಯಾಕ ಆಗಂಗಿಲ್ರಿ, ಕೈ ನಿಲ್ಲಂಗಿಲ್ಲ." ಹಾಡಿನ ಸದ್ದಿಗೆ ಕೈ ನಡುಗುತ್ತದೆ, ಬೆಳಕೂ ನಡುಗುತ್ತದೆ.

ಪಕ್ಕದಲ್ಲೇ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಶಾನ ಗೋರಿ. ಸಿಡಿಲು ಬಡಿದು ಗುಮ್ಮಟ ಮೇಲಿಂದ ಕೆಳಗಿನವರೆಗೆ ಸೀಳಿಹೋಗಿದೆ. ಅರ್ಧ ಕತ್ತರಿಸಿಟ್ಟ ಹಣ್ಣಿನ ಹಾಗೆ ಒಳಗೆಲ್ಲ ಕಾಣುತ್ತದೆ, ಅದರ ಹಿಂದೆ ಆಕಾಶ ಕಾಣುತ್ತದೆ. ನಾನು ಜಾಸ್ತಿ ಹೊತ್ತು ಕೂರೋದು ಅದರ ಎದುರಿಗೇ. ಗಿಳಿಗಳು ಬರುತ್ತವೆ, ಹೋಗುತ್ತವೆ. ಗೋಡೆಯ ಕೆಂಪು ಕಲ್ಲಿಗೆ ಸಂಜೆ ಬೆಳಕು ಬಿದ್ದಾಗ ಅದು ಇನ್ನೂ ಬೆಚ್ಚಗಿದೆಯೇನೋ ಅನ್ನಿಸುತ್ತದೆ. ಕೆಲವು ದಿನ ನಮ್ಮೂರಿನ ವಾಯುಪಡೆ ನೆಲೆಯಿಂದ ವಿಮಾನಗಳು ಹಾರುತ್ತವೆ. ಅದು ಅವರ ತರಬೇತಿ, ಆಗಲೇಬೇಕಾದ ಕೆಲಸ. ಬರುತ್ತದೆ, ತಲೆ ಮೇಲೆ ಹೋಗುತ್ತದೆ, ಮತ್ತೆ ಸದ್ದಡಗುತ್ತದೆ. ಅದರಿಂದ ನನಗೇನೂ ತೊಂದರೆ ಅನ್ನಿಸಿಲ್ಲ.

ಈ ಜಾಗ ಬರೀ ನೋಡೋ ಜಾಗ ಅಲ್ಲ ಅನ್ನೋದು ನಮ್ಮವರಿಗೆ ಗೊತ್ತು. ಹೋಳಿ ಆದ ಮೇಲೆ ಇಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಒಬ್ಬ ಜಂಗಮರು ಜನರನ್ನು ಕಟ್ಟಿಕೊಂಡು ನಡೆದು ಬರುತ್ತಾರೆ. ಅವರು ಬಂದ ಮೇಲೇ ಉರುಸು. ಹಿಂದೂಗಳು ಅಹಮದ್ ಶಾನನ್ನು ಅಲ್ಲಮಪ್ರಭುವಿನ ಅವತಾರ ಅಂತ ನಂಬುತ್ತಾರೆ, ಮುಸ್ಲಿಮರು ವಲಿ, ಅಂದರೆ ಸಂತ, ಅನ್ನುತ್ತಾರೆ. ತೆಂಗಿನಕಾಯಿಯೂ ಒಡೆಯುತ್ತದೆ, ಫಾತಿಹಾವೂ ನಡೆಯುತ್ತದೆ. ಆ ದಿನಗಳಲ್ಲಿ ಜನ, ಅಂಗಡಿ, ವಾದ್ಯ ಎಲ್ಲ ಇರುತ್ತದೆ. ಇರಲೇಬೇಕು. ಜಾತ್ರೆಯ ಗದ್ದಲಕ್ಕೆ ನಾನು ಬೇಡ ಅನ್ನೋಳಲ್ಲ. ನಾನೂ ಹೋಗಿ ಬಳೆ ಇಟ್ಟುಕೊಂಡು ಬರುತ್ತೇನೆ. ನನ್ನ ಮಾತು ಉಳಿದ ದಿನಗಳ ಬಗ್ಗೆ.

ಬೀದರಿನಲ್ಲಿ ಬೇರೆ ಜಾಗಗಳೂ ಇವೆಯಲ್ಲಾ ಅಂತ ನೀವು ಕೇಳಬಹುದು. ಇವೆ. ನಾನಕ್ ಝೀರಾ ಗುರುದ್ವಾರಕ್ಕೆ ಹೋದರೆ ತಲೆ ಮುಚ್ಚಿಕೊಂಡು, ಕೈಕಾಲು ತೊಳೆದುಕೊಂಡು, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಯಾರು, ಯಾಕೆ ಅಂತ ಕೇಳೋದಿಲ್ಲ. ಹಸಿದರೆ ಅಲ್ಲಿಯ ಉಚಿತ ಊಟದ ಮನೆ ಲಂಗರಿನಲ್ಲಿ ರೊಟ್ಟಿ ಕೊಡುತ್ತಾರೆ. ಬೀದರಿನ ನೀರು ಉಪ್ಪಾಗಿತ್ತು, ಗುರು ನಾನಕರು ಕಲ್ಲು ಸರಿಸಿದಾಗ ಸಿಹಿನೀರು ಬಂತು ಅಂತ ಅಲ್ಲಿಯ ನಂಬಿಕೆ. ಆ ಝರಿ ಇವತ್ತಿಗೂ ಹರಿಯುತ್ತದೆ. ದಣಿದವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅಲ್ಲಿ ಕಲಿಯಬೇಕು. ಪಾಪನಾಶ ಕೆರೆ ಚಳಿಗಾಲದ ಬೆಳಿಗ್ಗೆ ಚೆನ್ನ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದೇವರನ್ನು ನೋಡೋದು ಬೇರೆಯೇ ಅನುಭವ. ಆದರೆ ರಜೆ ದಿನ ಅಲ್ಲಿ ಸಾಲು ಬಹಳ.

ನೌಬಾದಿನ ಕರೇಜ್ ಬಗ್ಗೆ ಒಂದು ಮಾತು. ನಮ್ಮ ಹಿರಿಯರು ಸುರಂಗ ಬಾವಿ ಅನ್ನುತ್ತಾರೆ. ಬಹಮನಿ ಕಾಲದಲ್ಲಿ, ಇರಾನಿನ ರೀತಿಯಲ್ಲಿ, ಕೆಂಪುಕಲ್ಲಿನ ನೆಲದೊಳಗೆ ಎರಡು ಕಿ.ಮೀ.ಗಿಂತ ಉದ್ದ ಸುರಂಗ ಕೊರೆದು ನೀರು ಹರಿಸಿದರು. ಪಂಪಿಲ್ಲ, ಏತ ಇಲ್ಲ. ನೆಲದ ಇಳಿಜಾರಿಗೆ ನೀರು ತಾನೇ ಹರಿಯಬೇಕು. ನಡುನಡುವೆ ಬಾವಿಯಂಥ ಗಾಳಿಕಿಂಡಿಗಳು. ಎಷ್ಟೋ ವರ್ಷ ಅವುಗಳಲ್ಲಿ ಮಣ್ಣು, ಕಸ ತುಂಬಿತ್ತು. 2014ರಲ್ಲಿ ಬೀದರ್ ನಗರವೇ ವಿಶ್ವ ಸ್ಮಾರಕ ನಿಧಿಯ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಆಮೇಲೆ ಜಿಲ್ಲಾಡಳಿತ ಕರೇಜಿನ ಹೂಳು ತೆಗೆಸಿತು. ಒಳ್ಳೆ ಕೆಲಸ, ಅದಕ್ಕೆ ಈ ಪತ್ರದಲ್ಲೇ ಧನ್ಯವಾದ ಹೇಳುತ್ತೇನೆ. ಬೇಸಿಗೆಯಲ್ಲಿ ಆ ಕಿಂಡಿಯ ಬಾಯಿಗೆ ಬಗ್ಗಿದರೆ ಮುಖಕ್ಕೆ ತಂಪು ಗಾಳಿ ತಾಗುತ್ತದೆ. ಕೆಳಗೆ ನೀರು ಇದೆ ಅಂತ ಆ ಗಾಳಿಯಿಂದಲೇ ಗೊತ್ತಾಗುತ್ತದೆ, ಸದ್ದಿನಿಂದ ಅಲ್ಲ.

ಆದರೂ ಮನೆಯಿಂದ ಹೊರಟು, ದುಡ್ಡು ಕೊಡದೆ, ಪೂಜೆ ಪ್ರಾರ್ಥನೆ ಅಂತ ಯಾವ ಕಾರಣವೂ ಇಲ್ಲದೆ, ಬರೀ ಕೂರೋಕೆ ಅಂತ ಹೋಗಬಹುದಾದ ಬಯಲು ಜಾಗ ನನಗೆ ಸಿಕ್ಕಿದ್ದು ಅಷ್ಟೂರು. ಅದು ಕೈತಪ್ಪಬಹುದು ಅನ್ನೋ ಭಯ ನನಗಿದೆ.

ಭಯ ಯಾಕೆ ಅಂತ ಹೇಳುತ್ತೇನೆ. ಒಂದು ಜಾಗ ಚೆನ್ನಾಗಿದೆ ಅಂತ ಗೊತ್ತಾದ ಕೂಡಲೇ ನಾವು ಅಲ್ಲಿ ಏನಾದರೂ ಕಟ್ಟಬೇಕು ಅಂತ ಹೊರಡುತ್ತೇವೆ. ಕಮಾನು, ಬಣ್ಣದ ದೀಪ, ಕಾರಂಜಿ, "ಐ ಲವ್" ಅಂತ ದೊಡ್ಡ ಅಕ್ಷರಗಳು, ಅದರ ಮುಂದೆ ಸೆಲ್ಫಿ ಸಾಲು, ಪಕ್ಕದಲ್ಲಿ ಧ್ವನಿವರ್ಧಕ. ಇದನ್ನೆಲ್ಲ ಮಾಡೋರ ಮನಸ್ಸು ಒಳ್ಳೆಯದೇ. ಜನ ಬರಲಿ, ನಾಲ್ಕು ಜನರಿಗೆ ದುಡಿಮೆ ಆಗಲಿ ಅಂತ. ಅದರಲ್ಲಿ ತಪ್ಪು ಹುಡುಕೋಕೆ ನನ್ನಿಂದ ಆಗೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಕೆಲಸ ಇದ್ದಿದ್ದರೆ ನಾನು ಹೈದರಾಬಾದಿಗೆ ಯಾಕೆ ಹೋಗುತ್ತಿದ್ದೆ? ಆದರೆ ದೂರದಿಂದ ಇಲ್ಲಿಗೆ ಬರೋರೂ ಗದ್ದಲದ ಊರುಗಳಿಂದಲೇ ಬರುತ್ತಾರೆ. ಅವರ ಊರಿನಲ್ಲಿ ಕಾರಂಜಿ ಇದೆ, ದೀಪ ಇದೆ. ಗಿಳಿ ಸದ್ದು ಕೇಳಿಸೋ ಗುಮ್ಮಟ ಇಲ್ಲ. ನಮ್ಮಲ್ಲಿ ಇರೋದನ್ನು ಕಳೆದು, ಅವರಲ್ಲಿ ಇರೋದನ್ನೇ ತಂದಿಟ್ಟರೆ ಅವರಾದರೂ ಇಷ್ಟು ದೂರ ಯಾಕೆ ಬರುತ್ತಾರೆ?

ಕಾನೂನು ಒಂದಿಷ್ಟು ಕೈಹಿಡಿಯುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರ ಆಚೆಗೆ ಇನ್ನೂ 200 ಮೀಟರ್ ಅನುಮತಿ ಬೇಕು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಅದು. ಅಂದರೆ ಕಲ್ಲಿಗೆ ರಕ್ಷಣೆ ಇದೆ. ಸದ್ದಿಗೆ ಬೇರೆ ನಿಯಮ, 2000ನೇ ಇಸವಿಯದು. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮೀರಬಾರದು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲು 50, ರಾತ್ರಿ 40. ಆಸ್ಪತ್ರೆಯಲ್ಲಿ ರೋಗಿ ಇರುತ್ತಾನೆ, ಅವನಿಗೆ ಶಾಂತಿ ಬೇಕು. ಒಪ್ಪುತ್ತೇನೆ. ಆದರೆ ಆಸ್ಪತ್ರೆ ಸೇರೋ ಮೊದಲೇ ಮನುಷ್ಯನಿಗೆ ಒಂದಿಷ್ಟು ಶಾಂತಿ ಸಿಕ್ಕರೆ? ಒಂಬತ್ತು ವರ್ಷ ಆಸ್ಪತ್ರೆ ಬಿಲ್ ಬರೆದವಳು ಈ ಮಾತು ಕೇಳುತ್ತಿದ್ದಾಳೆ.

ಜಿಲ್ಲಾಧಿಕಾರಿಗಳೇ, ನಿಮ್ಮನ್ನು ನಾನು ಕೇಳೋದು ಇಷ್ಟು. ಉರುಸಿನ ದಿನಗಳನ್ನು ಬಿಟ್ಟು ಉಳಿದ ದಿನ ಚೌಖಂಡಿಯಿಂದ ಅಷ್ಟೂರಿನವರೆಗೆ ಧ್ವನಿವರ್ಧಕ, ಕಾರಿನ ಸ್ಪೀಕರ್, ಡಿಜೆ ಬೇಡ ಅಂತ ಒಂದು ಆದೇಶ ಹೊರಡಿಸಿ. ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಒಂದು ಚಿಕ್ಕ ಬೋರ್ಡ್ ಹಾಕಿಸಿ. ಬೈಯೋ ಹಾಗೆ, ದಂಡ ಅಂತ ಹೆದರಿಸೋ ಹಾಗೆ ಬೇಡ. "ಇಲ್ಲಿ ಮೆತ್ತಗೆ ಮಾತಾಡಿ" ಅಂದರೆ ಸಾಕು, ನಮ್ಮ ಜನ ಕೇಳುತ್ತಾರೆ. ಗಾಡಿಗಳನ್ನು ಗೋರಿಗಳ ಬುಡದವರೆಗೆ ಬಿಡದೆ ಸ್ವಲ್ಪ ದೂರದಲ್ಲೇ ನಿಲ್ಲಿಸೋ ವ್ಯವಸ್ಥೆ ಮಾಡಿ. ನಡೆಯಲಾಗದ ವಯಸ್ಸಾದವರ ಗಾಡಿಗೆ ಮಾತ್ರ ದಾರಿ ಇರಲಿ.

ಸಾರಿಗೆ ನಿಗಮದವರ ಜೊತೆ ಮಾತಾಡಿ ಸಂಜೆ ಹೊತ್ತು, ಅದರಲ್ಲೂ ಭಾನುವಾರ, ಬಸ್ ಟ್ರಿಪ್ ಹೆಚ್ಚಿಸಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಟಿಕೆಟ್ ಉಚಿತ. ನಮ್ಮ ಓಣಿಯ ಎಷ್ಟೋ ಹೆಂಗಸರು ಆ ಟಿಕೆಟ್ ಹಿಡಿದು ತವರಿಗೆ ಹೋಗಿ ಬಂದಿದ್ದಾರೆ, ಘಾಣಗಾಪುರಕ್ಕೆ ಹೋಗಿ ಬಂದಿದ್ದಾರೆ. ಮೂರು ಕಿ.ಮೀ. ದೂರದ ಅಷ್ಟೂರಿಗೆ ಹೋಗಿ ಒಂದು ತಾಸು ಕೂತು ಬರೋಕೆ ಆಟೋಗೆ ಹೋಗಿಬರೋ ಬಾಡಿಗೆ ಕೊಡಬೇಕು, ಹಾಗಾಗಿ ಹೋಗೋದಿಲ್ಲ. ಆ ಅಜ್ಜಿಯೂ ಆಟೋ ಮಾಡಿಕೊಂಡೇ ಬಂದಿದ್ದರು.

ಸಂರಕ್ಷಿತ ಗಡಿಯ ಆಚೆ, ಕಾನೂನಿಗೆ ತೊಂದರೆ ಆಗದ ಕಡೆ, ಒಂದು ಶೌಚಾಲಯ ಬೇಕು. ಇದನ್ನು ಬರೆಯೋಕೆ ನಾಚಿಕೆ ಪಡೋದಿಲ್ಲ. ಹೆಂಗಸರು ಒಂದು ಜಾಗದಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಅನ್ನೋದು ಅಲ್ಲಿ ಶೌಚಾಲಯ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. ಕುಡಿಯೋ ನೀರು ಬೇಕು. ಬೇವು, ಹುಣಸೆ, ಸೀತಾಫಲ ಇಂಥ ಈ ಮಣ್ಣಿಗೆ ಒಗ್ಗಿದ ಗಿಡ ನೆಡಿಸಿ. ನಮ್ಮ ಕೆಂಪು ಮುರಂ ನೆಲದಲ್ಲಿ ಗಿಡ ಹಿಡಿಯೋದು ನಿಧಾನ, ಮೊದಲ ಎರಡು ಮೂರು ಬೇಸಿಗೆ ಟ್ಯಾಂಕರ್ ನೀರು ಹಾಕಲೇಬೇಕು. ನೆಟ್ಟು ಫೋಟೋ ತೆಗೆಸಿಕೊಂಡ ಮೇಲೆ ಮರೆತರೆ ಒಂದೂ ಉಳಿಯೋದಿಲ್ಲ. ನೀರು ಹಾಕೋಕೆ ಆಳು ಸಾಲದಿದ್ದರೆ ಹೇಳಿ, ನಾವು ಓಣಿಯವರು ಪಾಳಿ ಹಾಕಿಕೊಂಡು ಬರುತ್ತೇವೆ.

ಪುರಾತತ್ವ ಇಲಾಖೆಯವರಿಗೆ ಒಂದೇ ವಿನಂತಿ. ಹೊತ್ತು ಮುಳುಗಿದ ಮೇಲೆ ಗೇಟು ಹಾಕುತ್ತೀರಿ, ಅದು ಸರಿಯೇ. ಗೋಡೆ ಮೇಲಿನ ಬಣ್ಣಕ್ಕೆ ಬೆಳಕು, ಉಸಿರಿನ ತೇವ ಎರಡೂ ಆಗಿಬರೋದಿಲ್ಲ, ಅದೂ ಗೊತ್ತು. ಒಳಗೆ ದೊಡ್ಡ ದೊಡ್ಡ ದೀಪ ಹಾಕಿ ಅಂತ ಯಾರಾದರೂ ಕೇಳಿದರೆ ದಯವಿಟ್ಟು ಹಾಕಬೇಡಿ. ಆ ಕನ್ನಡಿಯೇ ಇರಲಿ. ಕನ್ನಡಿ ಹಿಡಿಯೋ ಕೈಗಳಿಗೆ ತಿಂಗಳು ತಿಂಗಳು ಸರಿಯಾದ ಸಂಬಳ ಸಿಗಲಿ, ಆ ಕೆಲಸ ಅವರ ನಂತರ ಇನ್ನೊಬ್ಬರಿಗೆ ಕಲಿಸೋಕೆ ಏರ್ಪಾಡಾಗಲಿ.

ಚಹಾ ಮಾರೋರು, ಎಳನೀರಿನವರು, ಕಡಲೆ ಮಾರೋರು ಇರಲಿ. ಅವರನ್ನು ಓಡಿಸಿ ಅಂತ ನಾನು ಯಾವತ್ತೂ ಹೇಳೋದಿಲ್ಲ. ಒಂದು ಕಡೆ, ಮರದ ಸಾಲಿನ ಹತ್ತಿರ, ಅವರಿಗೆ ಜಾಗ ಗುರುತು ಮಾಡಿಕೊಡಿ. ಕೂತು ಕೂತು ಬಾಯಿ ಒಣಗಿದವರು ಚಹಾ ಕುಡಿದೇ ಕುಡಿಯುತ್ತಾರೆ.

ಈಗ ಕಾರಿನಲ್ಲಿ ಬಂದ ನನ್ನ ತಮ್ಮಂದಿರಿಗೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೂ ಒಂದು ವಾರದ ದಣಿವು ಇರುತ್ತದೆ. ಯಾರಿಗೋ ಕೆಲಸ ಸಿಕ್ಕಿಲ್ಲ, ಯಾರದೋ ಸಾಲ, ಯಾರದೋ ಮನೆಯಲ್ಲಿ ಜಗಳ. ಕುಣಿದರೆ ಹಗುರ ಆಗುತ್ತದೆ, ನನಗೂ ಗೊತ್ತು. ನಿಮಗೆ ಕುಣಿಯೋಕೆ, ಆಡೋಕೆ ಊರಲ್ಲೊಂದು ಮೈದಾನ ಬೇಕು, ಅದನ್ನು ಕೇಳೋ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ. ಅಷ್ಟೂರಿಗೆ ಬಂದಾಗ ಮಾತ್ರ ಒಂದು ಸಲ ಹಾಡು ಆಫ್ ಮಾಡಿ ಹುಮಾಯೂನ್ ಗೋರಿಯ ಎದುರು ಹತ್ತು ನಿಮಿಷ ಕೂರಿ. ಮೊಬೈಲ್ ಜೇಬಿನಲ್ಲಿರಲಿ. ಮೊದಲ ಐದು ನಿಮಿಷ ಬೇಜಾರಾಗುತ್ತದೆ. ನನಗೂ ಆಗಿತ್ತು. ಕೈ ತಾನಾಗಿ ಮೊಬೈಲ್ ಕಡೆ ಹೋಗುತ್ತದೆ. ಆಮೇಲೆ ಒಂದೊಂದೇ ಸದ್ದು ಕೇಳೋಕೆ ಶುರುವಾಗುತ್ತದೆ. ಮೊದಲು ಗಿಳಿ, ಆಮೇಲೆ ದೂರದ ಹೊಲದಲ್ಲಿ ಯಾರೋ ಎತ್ತನ್ನು ಕರೆಯೋದು, ಆಮೇಲೆ ಗಾಳಿ.

ಹಾಸ್ಟೆಲ್ ನಡೆಸೋರಿಗೂ ಒಂದು ಮಾತು. ಹದಿನೈದು ದಿನಕ್ಕೊಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಇತಿಹಾಸದ ಪಾಠ ಹೇಳೋಕೆ ಅಲ್ಲ, ಪ್ರಾಜೆಕ್ಟ್ ಬರೆಸೋಕೂ ಅಲ್ಲ. ಪುಸ್ತಕ ಇಲ್ಲದೆ ಕರೆತಂದು ಹುಲ್ಲಿನ ಮೇಲೆ ಬಿಡಿ.

ಮಾನ್ಯರೇ, ಈ ಪತ್ರಕ್ಕೆ ಕಚೇರಿಯಿಂದ ಉತ್ತರ ಬಂದರೆ ಸಂತೋಷ. ಅದಕ್ಕಿಂತ, ನೀವೇ ಒಂದು ಸಲ ಬರಬೇಕು ಅನ್ನೋದು ನನ್ನ ಆಸೆ. ಹಿಂದೆ ಮುಂದೆ ಗಾಡಿ, ಫೈಲು, ಫೋಟೋದವರು ಯಾರೂ ಬೇಡ. ಮನೆಯವರನ್ನು ಕರೆದುಕೊಂಡು ಬನ್ನಿ. ನಿಮಗೂ ದಿನವಿಡೀ ಜನರ ಕಷ್ಟ ಕೇಳಿ ಕೇಳಿ ತಲೆ ಭಾರ ಆಗಿರುತ್ತದೆ ಅಲ್ವಾ? ಬಿಸಿಲು ಬಾಗಿಲ ಹತ್ತಿರ ಬರೋ ಹೊತ್ತಿಗೆ ಬಂದರೆ ಚಾಚಾ ಕನ್ನಡಿ ಹಿಡಿಯುತ್ತಾರೆ. ಪ್ರತಿ ಭಾನುವಾರ ನಾಲ್ಕು ಗಂಟೆಯಿಂದ ನಾನು ಅಲ್ಲೇ ಇರುತ್ತೇನೆ, ಸೀಳಿದ ಗುಮ್ಮಟದ ಎದುರಿಗೆ. ಬುತ್ತಿಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಜಾಸ್ತಿ ಕಟ್ಟಿಕೊಂಡು ಬಂದಿರುತ್ತೇನೆ. ಆ ಅಜ್ಜಿಗೂ ಸೇರಿಸಿ.

ಇತಿ ನಿಮ್ಮ,
ಬೀದರ್ ಹಳೇ ಊರಿನ ಒಬ್ಬ ಮಗಳು